ಗಾಣದ ಬುಡದಲ್ಲಿ ಒಂದು ಲೋಟ: ಬೋಜೊಲೆಯ ಗಾಮೆ ಊರುಗಳಲ್ಲಿ

ಫ್ರಾನ್ಸಿನ ವೈನ್ ಸೀಮೆಯಾದ ಬೋಜೊಲೆಗೆ ಹೋಗುವುದಿದ್ದರೆ ಸೆಪ್ಟೆಂಬರಿನಲ್ಲಿ ಹೋಗಬೇಕು. ಹೆಚ್ಚಿನವರು ನವೆಂಬರ್ ಎನ್ನುತ್ತಾರೆ. ಆ ತಿಂಗಳ ಮೂರನೇ ಗುರುವಾರ ‘ಬೋಜೊಲೆ ನೂವೋ’ ಎಂಬ ಹೊಸ ವೈನಿನ ಬಿಡುಗಡೆ; ಬ್ಯಾಂಡು, ಪೋಸ್ಟರು, ಬೀದಿಯಲ್ಲೇ ಪ್ಲಾಸ್ಟಿಕ್ ಲೋಟ. ಆ ಗದ್ದಲದಲ್ಲಿ ಕುಡಿಯಲು ಸಿಗುತ್ತದೆಯೇ ಹೊರತು ನೋಡಲು ಏನೂ ಸಿಗುವುದಿಲ್ಲ. ಇಲ್ಲಿ ಬೆಳೆಯುವ ಗಾಮೆ ಎಂಬ ದ್ರಾಕ್ಷಿ ವೈನಾಗುವ ಬಗೆ ವಿಚಿತ್ರವಾದದ್ದು. ಅದು ಕಣ್ಣಿಗೆ ಬೀಳುವುದು ಕೊಯ್ಲಿನ ಎರಡು ಮೂರು ವಾರಗಳಲ್ಲಿ ಮಾತ್ರ.

ಲಿಯೋನ್ ನಗರದ ಪಾರ್-ದ್ಯೂ ನಿಲ್ದಾಣದಿಂದ ಮಾಕೋನ್ ಕಡೆಗೆ ಹೋಗುವ ಲೋಕಲ್ ರೈಲು ಹತ್ತಿ ಬೆಲ್‌ವಿಲ್‌ನಲ್ಲಿ ಇಳಿದರೆ ಬೋಜೊಲೆಯ ನಡುಮಧ್ಯಕ್ಕೆ ಬಂದಂತೆ. ರೈಲು ಸೋನ್ ನದಿಯ ಬಯಲಿನಲ್ಲೇ ಸಾಗುತ್ತದೆ. ಎಡಗಡೆ ಕಿಟಕಿಯ ಆಚೆ ಗುಡ್ಡಗಳು, ಅವುಗಳ ಮೈಮೇಲೆಲ್ಲ ದ್ರಾಕ್ಷಿ. ಬೆಲ್‌ವಿಲ್‌ನಿಂದ ಮುಂದಕ್ಕೆ ಊರೂರಿಗೆ ಬಸ್ಸು ನೆಚ್ಚಿಕೊಂಡರೆ ಆಗದು, ಭಾನುವಾರವಂತೂ ಕೇಳಲೇಬೇಡಿ. ಬ್ಯಾಟರಿ ಸೈಕಲ್ ಬಾಡಿಗೆಗೆ ಹಿಡಿಯುವುದು ಮೇಲು. ಏರುಗಳು ಸಾಮಾನ್ಯವಲ್ಲ, ಬರೀ ಪೆಡಲಿನ ಸೈಕಲಿಗೆ ಆಸೆಪಡಬೇಡಿ. ಇನ್ನೊಂದು ಮಾತು: ಫ್ರಾನ್ಸಿನಲ್ಲಿ ವಾಹನ ಓಡಿಸುವವರ ರಕ್ತದಲ್ಲಿ ಮದ್ಯಸಾರದ ಮಿತಿ ಲೀಟರಿಗೆ 0.5 ಗ್ರಾಂ, ಸೈಕಲ್ ತುಳಿಯುವವರಿಗೂ ಅಷ್ಟೇ. ರುಚಿ ನೋಡುವ ಕಡೆಯಲ್ಲೆಲ್ಲ ಉಗುಳಲು ಒಂದು ಪಾತ್ರೆ ಇಟ್ಟಿರುತ್ತಾರೆ. ಅದನ್ನು ಬಳಸುವುದು ಅವಮಾನವಲ್ಲ. ದಿನಕ್ಕೆ ನಾಲ್ಕು ಬೆಳೆಗಾರರ ಮನೆ ನೋಡುವವರಿಗೆ ಅದೊಂದೇ ದಾರಿ.

ಬಳ್ಳಿ ನೋಡಿದರೆ ಮೊದಲ ಬೆರಗು. ಚಿಕ್ಕಬಳ್ಳಾಪುರದ ಕಡೆ ತಲೆಯ ಮೇಲಿನ ಚಪ್ಪರದಿಂದ ಗೊಂಚಲು ಇಳಿಬಿದ್ದದ್ದನ್ನು ಕಂಡ ಕಣ್ಣಿಗೆ ಇದು ದ್ರಾಕ್ಷಿತೋಟ ಅನ್ನಿಸುವುದೇ ಇಲ್ಲ. ಹಳೆಯ ತೋಟಗಳಲ್ಲಿ ಚಪ್ಪರವೂ ಇಲ್ಲ, ತಂತಿಯೂ ಇಲ್ಲ. ಮೊಣಕಾಲೆತ್ತರದ ಮೊಂಡು ಬುಡ, ಅದರಿಂದ ಮೇಲೆದ್ದ ಮೂರು ನಾಲ್ಕು ತೋಳು, ನಡುವೆ ಟೊಳ್ಳು. ಬಟ್ಟಲಿನ ಆಕಾರದ ಕುರುಚಲು ಗಿಡ. ಹೆಕ್ಟೇರಿಗೆ ಹತ್ತು ಸಾವಿರದವರೆಗೂ ಇಂಥ ಬುಡಗಳಿರುತ್ತವೆ. ಯಂತ್ರ ನುಗ್ಗಲು ಜಾಗವಿಲ್ಲ, ಗೊಂಚಲು ಇಡಿಯಾಗಿಯೇ ಬೇಕು. ಹಾಗಾಗಿ ಕೊಯ್ಯುವವರು ದಿನವಿಡೀ ಬೆನ್ನು ಬಗ್ಗಿಸಿಯೇ ಇರಬೇಕು. ಬಾಟಲಿಯ ಬೆಲೆ ಹನ್ನೆರಡು ಯೂರೋ ಎಂದು ಕೇಳಿದಾಗ ಕಣ್ಣೆದುರು ಬಂದದ್ದು ಆ ಬೆನ್ನುಗಳೇ.

ಬೋಜೊಲೆಯ ಕೆಂಪು ವೈನೆಲ್ಲ ಗಾಮೆಯದೇ. ಪೂರ್ತಿ ಹೆಸರು ‘ಗಾಮೆ ನ್ವಾರ್ ಆ ಜ್ಯೂ ಬ್ಲಾಂ’: ಸಿಪ್ಪೆ ಕಪ್ಪು, ರಸ ಬಿಳಿ. ತಾಯ್ತಂದೆಗಳಲ್ಲಿ ಒಂದು ಪಕ್ಕದ ಬರ್ಗಂಡಿ ಸೀಮೆಯ ಹೆಸರಾಂತ ದ್ರಾಕ್ಷಿ ಪಿನೋ ನ್ವಾರ್, ಇನ್ನೊಂದು ಯಾರೂ ಮೂಸದ ಗುವೇ ಬ್ಲಾಂ. ಬೇಗ ಮಾಗುತ್ತದೆ, ಮಡಿಲು ತುಂಬ ಕಾಯಿ ಬಿಡುತ್ತದೆ. ಆ ಧಾರಾಳವೇ ಅದಕ್ಕೆ ಮುಳುವಾಯಿತು. 1395ರಲ್ಲಿ ಬರ್ಗಂಡಿಯ ಡ್ಯೂಕ್ ದಿಟ್ಟ ಫಿಲಿಪ್ ಇದನ್ನು ದ್ರೋಹಿ ಗಿಡವೆಂದು ಕರೆದು ತನ್ನ ಸೀಮೆಯಿಂದ ಕಿತ್ತೆಸೆಯಲು ಆಜ್ಞೆ ಹೊರಡಿಸಿದ. ಬರ್ಗಂಡಿಯ ಸುಣ್ಣಕಲ್ಲಿನ ಮಣ್ಣಿನಲ್ಲಿ ತೆಳ್ಳಗೆ, ಒರಟಾಗಿ ಬರುತ್ತಿದ್ದ ವೈನು ಇಲ್ಲಿನ ಗ್ರಾನೈಟಿನ ಮಣ್ಣಿನಲ್ಲಿ ಚಂದವಾಯಿತು. ಗುಡ್ಡಗಾಡಿನ ಉತ್ತರ ಭಾಗಕ್ಕೆ ಗ್ರಾನೈಟು, ದಕ್ಷಿಣಕ್ಕೆ ಜೇಡಿ ಮತ್ತು ಸುಣ್ಣಕಲ್ಲು. ದುಡ್ಡು ಕೊಟ್ಟು ಕೊಳ್ಳಬೇಕಾದ ವೈನೆಲ್ಲ ಹೆಚ್ಚುಕಡಿಮೆ ಉತ್ತರದ್ದು.

ಉತ್ತರದ ಊರುಗಳಲ್ಲೊಂದಾದ ಮೊರ್ಗೋನಿನ ಕೋತ್ ದ್ಯು ಪಿ ಗುಡ್ಡದ ಬದಿಯಲ್ಲಿ ಒಬ್ಬ ಬೆಳೆಗಾರರ ಮನೆ. ಕೊಯ್ಲಿನ ಕಾಲದಲ್ಲಿ ಇವರು ಅಂಗಡಿ ತೆರೆದು ಕೂತಿರುವುದಿಲ್ಲ, ಮೊದಲೇ ಫೋನು ಮಾಡಿ ಹೊತ್ತು ಕೇಳಿಕೊಳ್ಳಬೇಕು. ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಊಟ. ಆಗ ಬಾಗಿಲು ತಟ್ಟುವವರನ್ನು ಅವರು ಕ್ಷಮಿಸುವುದಿಲ್ಲ. ನಮಗೆ ಕೊಟ್ಟ ಸಮಯ ಮೂರು ಗಂಟೆ. ಕಲ್ಲಿನ ಕೊಟ್ಟಿಗೆ, ಒಳಗೆ ಸಾಲಾಗಿ ಸಿಮೆಂಟಿನ ತೊಟ್ಟಿಗಳು, ನೆಲವೆಲ್ಲ ಒದ್ದೆ, ಗಾಳಿಯಲ್ಲಿ ಹುದುಗಿನ ಘಾಟು.

ಅವರು ಮೊದಲು ಮಾಡಿದ್ದು ತೊಟ್ಟಿಯ ಮೇಲಿಂದ ಇಕ್ಕಳದಲ್ಲಿ ಒಂದು ಗೊಂಚಲು ಎತ್ತಿ ಕೊಟ್ಟದ್ದು. ಎಂಟು ದಿನದಿಂದ ಒಳಗಿದ್ದ ಗೊಂಚಲು. ಆದರೂ ಹಣ್ಣು ಇಡಿಯಾಗಿಯೇ ಇತ್ತು. ಕಚ್ಚಿದರೆ ನಾಲಿಗೆಯ ಮೇಲೆ ಸೋಡಾದ ಹಾಗೆ ಚುರ್ರೆಂದಿತು. ಬೆಳ್ಳಗಿರಬೇಕಾದ ತಿರುಳು ಒಳಗಿಂದೊಳಗೇ ಗುಲಾಬಿಯಾಗಿತ್ತು. ಸ್ಟ್ರಾಬೆರಿಯ ಘಮ, ಸಿಹಿ, ಕೊನೆಗೆ ಚೂರು ಮದ್ಯ. ಹಣ್ಣು ಒಡೆಯದೆ, ಹುದುಗು (ಯೀಸ್ಟ್) ತಾಗದೆ ವೈನಾಗುತ್ತಿತ್ತು.

ವಿಷಯ ಇಷ್ಟು. ಬೇರೆ ಕೆಂಪು ವೈನಿಗೆ ದ್ರಾಕ್ಷಿಯನ್ನು ತೊಟ್ಟಿನಿಂದ ಬಿಡಿಸಿ ಜಜ್ಜಿ ಹುದುಗಿಡುತ್ತಾರೆ. ಇಲ್ಲಿ ತೊಟ್ಟಿನ ಸಮೇತ ಇಡೀ ಗೊಂಚಲನ್ನೇ ತೊಟ್ಟಿಗೆ ಸುರಿಯುತ್ತಾರೆ. ಮೇಲಿನ ಭಾರಕ್ಕೆ ತಳದ ಹಣ್ಣು ಒಡೆದು ರಸ ಬಿಡುತ್ತದೆ, ಆ ರಸ ಹುಳಿತು ಇಂಗಾಲದ ಡೈಆಕ್ಸೈಡ್ ಏಳುತ್ತದೆ. ತೊಟ್ಟಿ ತುಂಬ ಆ ಅನಿಲ ತುಂಬಿಕೊಂಡು ಆಮ್ಲಜನಕ ಇಲ್ಲವಾದಾಗ ಮೇಲಿನ ಇಡೀ ಹಣ್ಣುಗಳು ತಮ್ಮದೇ ಕಿಣ್ವಗಳಿಂದ ಒಳಗಿನ ಸಕ್ಕರೆಯನ್ನು ಮದ್ಯಸಾರ ಮಾಡಿಕೊಳ್ಳುತ್ತವೆ. ಇದು ಸುಮಾರು ಶೇ. 2ರವರೆಗೆ ಏರಿ ನಿಲ್ಲುತ್ತದೆ. ಅಷ್ಟರಲ್ಲಿ ಮ್ಯಾಲಿಕ್ ಆಮ್ಲ ಇಳಿದು ಹುಳಿ ಮೆತ್ತಗಾಗುತ್ತದೆ, ಬಣ್ಣ ಸಿಪ್ಪೆಯಿಂದ ತಿರುಳಿಗೆ ಇಳಿಯುತ್ತದೆ, ಒಗರು ಮಾತ್ರ ಹೆಚ್ಚು ಇಳಿಯುವುದಿಲ್ಲ. ಗಾಮೆಯ ಕೆಂಪು ವೈನು ಗಂಟಲಿಗೆ ಒರಟಾಗದಿರುವ ಗುಟ್ಟು ಇದೇ. ನೂವೋಗೆ ನಾಲ್ಕೈದು ದಿನ ಇಟ್ಟರೆ ಸಾಕು, ಮೊರ್ಗೋನಿನಂಥ ಗಟ್ಟಿ ವೈನಿಗೆ ಹತ್ತರಿಂದ ಇಪ್ಪತ್ತು ದಿನ.

ಕೆಡುವುದು ಹೇಗೆ ಎಂದು ಕೇಳಿದೆವು. “ಬಿಸಿ,” ಎಂದರು. ಬೆಚ್ಚಗಿನ ಮಧ್ಯಾಹ್ನ ಕೊಯ್ದ ಹಣ್ಣನ್ನು ಹಾಗೇ ಸುರಿದರೆ, ಬುಟ್ಟಿಯಲ್ಲೇ ಜಜ್ಜಿಹೋಗಿದ್ದರೆ, ಹುಳಿ ಕಮ್ಮಿ ಇದ್ದರೆ, ಹುದುಗಿಗಿಂತ ಮೊದಲು ಬ್ಯಾಕ್ಟೀರಿಯಾ ಸಕ್ಕರೆಗೆ ಬಾಯಿ ಹಾಕುತ್ತದೆ. ಆಮೇಲೆ ಬರುವುದು ವಿನಿಗರ್ ವಾಸನೆ, ಅದಕ್ಕೆ ಮದ್ದಿಲ್ಲ. ಅದಕ್ಕೇ ಬೆಳಗಿನ ಹಣ್ಣು ನೇರ ತೊಟ್ಟಿಗೆ, ಮಧ್ಯಾಹ್ನದ ಹಣ್ಣು ರಾತ್ರಿಯಿಡೀ ತಣ್ಣನೆ ಕೋಣೆಯಲ್ಲಿದ್ದು ಮರುದಿನ ತೊಟ್ಟಿಗೆ. ಇನ್ನೊಂದು ಅಪಾಯ ವೈನಿಗಲ್ಲ, ಮನುಷ್ಯರಿಗೆ. ತೊಟ್ಟಿಯ ತಳದ ರಸ ಇಳಿಸಿಕೊಂಡ ಮೇಲೆ ಗೊಂಚಲು ತೋಡಲು ಒಳಗೆ ಇಳಿಯಬೇಕು. ಅನಿಲವೋ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತದೆ. ಫ್ಯಾನು ಹಾಕಿ ಊದಿ, ಅಳೆಯುವ ಯಂತ್ರ ಇಳಿಬಿಟ್ಟು ನೋಡಿ, ಹೊರಗೊಬ್ಬರನ್ನು ನಿಲ್ಲಿಸಿಕೊಂಡೇ ಇಳಿದರು.

ತೋಡಿದ ಗೊಂಚಲು ಗಾಣಕ್ಕೆ ಹೋಯಿತು. ಬೇರೆ ಕಡೆ ಗಾಣದ ರಸವೆಂದರೆ ಒಗರು, ಎರಡನೇ ದರ್ಜೆ. ಇಲ್ಲಿ ತದ್ವಿರುದ್ಧ. ತಳದ ರಸ ಆಗಲೇ ಹುಳಿತು ಸಕ್ಕರೆ ಕಳೆದುಕೊಂಡಿರುತ್ತದೆ. ಇಡಿ ಹಣ್ಣಿನೊಳಗೆ ಸಕ್ಕರೆಯೂ ಘಮವೂ ಇನ್ನೂ ಉಳಿದಿರುತ್ತವೆ. ಗಾಣದ ಬುಡದಲ್ಲಿ ಹಿಡಿದು ಕೊಟ್ಟ ಲೋಟದಲ್ಲಿ ನೇರಳೆ ಬಣ್ಣದ, ಮಸುಕು, ಬೆಚ್ಚನೆಯ ರಸ. ಇಲ್ಲಿಯವರು ಅದನ್ನು ‘ಪಾರಾದಿ’, ಸ್ವರ್ಗ, ಎನ್ನುತ್ತಾರೆ. ಪೂರ್ತಿ ವೈನೂ ಅಲ್ಲ, ಪೂರ್ತಿ ಹಣ್ಣಿನ ರಸವೂ ಅಲ್ಲ. ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಕೆಲವೇ ಗಂಟೆಗಳಲ್ಲಿ ಅದು ತಳದ ರಸದೊಂದಿಗೆ ಸೇರಿ ಉಳಿದ ಸಕ್ಕರೆಯನ್ನೂ ಮುಗಿಸಿಕೊಳ್ಳುತ್ತದೆ. ಈ ಪ್ರವಾಸದಲ್ಲಿ ಕುಡಿದದ್ದರಲ್ಲೆಲ್ಲ ಇದನ್ನು ಮೀರಿಸಿದ್ದಿಲ್ಲ.

ಮಾತು ಬೆಲೆಗೆ ಹೊರಳಿತು. ಉತ್ತರಕ್ಕೆ ಸ್ವಲ್ಪ ದೂರ ಹೋದರೆ ಬರ್ಗಂಡಿ. ಅಲ್ಲಿ ಹೆಸರಿರುವ ಊರಿನ ಬಾಟಲಿ ನಲವತ್ತು ಯೂರೋಗೆ ಕಡಿಮೆ ಸಿಕ್ಕರೆ ಪುಣ್ಯ. ಇಲ್ಲೇಕೆ ಹನ್ನೆರಡು?

“ಬಾಟಲಿಗೆ ಅದೇ ಬೆಲೆ, ಕಾರ್ಕಿಗೆ ಅದೇ ಬೆಲೆ, ಕೊಯ್ಯುವವರ ಕೂಲಿಯೂ ಅದೇ,” ಎಂದು ಬೆರಳು ಮಡಚುತ್ತ ಹೋದರು. “ನೆಲದ ಬೆಲೆ ಬೇರೆ. ಹೆಸರು ಬೇರೆ.”

“ಹೆಸರು ಕೆಡಿಸಿದ್ದು ಯಾರು?”

“ನಾವೇ.” ನಕ್ಕರು. ಅವರ ಅಜ್ಜ ಪಾಲಿಗೆ ಬೇಸಾಯ ಮಾಡಿದವರು, ಅರ್ಧ ಬೆಳೆ ಒಡೆಯನಿಗೆ, ಅರ್ಧ ತಮಗೆ. ಅಂಥ ಮನೆಗೆ ನೂವೋ ಎಂದರೆ ವರ. ಸೆಪ್ಟೆಂಬರಿನಲ್ಲಿ ಕೊಯ್ದದ್ದು ನವೆಂಬರಿಗೆ ದುಡ್ಡಾಗುತ್ತಿತ್ತು. ಪೀಪಾಯಿ ಬೇಡ, ಗೋದಾಮು ಬೇಡ, ಸಾಲ ಬೇಡ. “ಎಂಟು ವಾರದಲ್ಲಿ ಕಾಸು ಕೈಗೆ ಬಂದರೆ ಯಾರು ಬೇಡ ಅಂತಾರೆ, ಹೇಳಿ? ಆಮೇಲೆ ಜಗತ್ತೆಲ್ಲ ಬೋಜೊಲೆ ಅಂದರೆ ಅದೊಂದೇ ಅಂದುಕೊಂಡಿತು. ಫ್ಯಾಷನ್ ಇಳೀತು, ನಮ್ಮ ಬೆಲೆಯೂ ಇಳೀತು.”

ಬುಟ್ಟಿ ತೊಳೆಯುತ್ತಿದ್ದ ಅವರ ಹೆಂಡತಿ ಅಲ್ಲಿಂದಲೇ ಕೂಗಿದರು: “ಅದಕ್ಕೇ ಲೇಬಲ್ಲಿನ ಮೇಲೆ ಬೋಜೊಲೆ ಅಂತ ಹಾಕೋದೇ ಬಿಟ್ಟಿದ್ದೀವಿ.”

ಕೊಳ್ಳುವವರು ತಿಳಿಯಬೇಕಾದದ್ದು ಅದೇ. ಉತ್ತರದ ಹತ್ತು ಊರು-ಗುಡ್ಡಗಳಿಗೆ ‘ಕ್ರೂ’ ಎಂಬ ಮೇಲಿನ ಸ್ಥಾನವಿದೆ. ಅವುಗಳ ಬಾಟಲಿಯ ಮೇಲೆ ಎಷ್ಟೋ ಸಲ ಗಾಮೆ ಎಂದೂ ಇರುವುದಿಲ್ಲ, ಬೋಜೊಲೆ ಎಂದೂ ಇರುವುದಿಲ್ಲ, ಜಾಗದ ಹೆಸರಷ್ಟೇ. ಉತ್ತರದಿಂದ ದಕ್ಷಿಣಕ್ಕೆ ಸಾಂತ್-ಅಮೂರ್, ಜೂಲಿಯೆನಾ, ಶೆನಾ, ಮೂಲಾಂ-ಆ-ವಾಂ, ಫ್ಲೂರಿ, ಶಿರೂಬ್ಲ್, ಮೊರ್ಗೋನ್, ರೆನ್ಯೇ, ಬ್ರೂಯಿ, ಕೋತ್ ದ ಬ್ರೂಯಿ. ರೆನ್ಯೇ ಕೊನೆಗೆ ಸೇರಿದ್ದು, 1988ರಲ್ಲಿ. ಬೆಳೆಗಾರರ ಮನೆಬಾಗಿಲಲ್ಲಿ ಇವು ಸುಮಾರು ಹತ್ತರಿಂದ ಹದಿನೆಂಟು ಯೂರೋ. ಒಂದು ಮೆಟ್ಟಿಲು ಕೆಳಗಿನ ‘ಬೋಜೊಲೆ-ವಿಲಾಜ್’ ಏಳೆಂಟರಿಂದ ಹತ್ತು. ದಿನದ ಊಟಕ್ಕೆ ವಿಲಾಜ್ ಧಾರಾಳ ಸಾಕು. ಬರೀ ಬೋಜೊಲೆ ಎಂದಿರುವ ನಾಲ್ಕು ಯೂರೋದ ಬಾಟಲಿಗೆ ಕೈ ಹಾಕುವ ಬದಲು ಇನ್ನು ಮೂರು ನಾಲ್ಕು ಯೂರೋ ಸೇರಿಸಿ. ಅಗ್ಗದ ವೈನನ್ನು ಎಷ್ಟೋ ಕಡೆ ಹಣ್ಣನ್ನೇ 60ರಿಂದ 70 ಡಿಗ್ರಿಗೆ ಕಾಯಿಸಿ ಮಾಡುತ್ತಾರೆ. ಬಣ್ಣ ಗಾಢವಾಗಿ ಬರುತ್ತದೆ, ಆದರೆ ಯಾವ ಊರಿನದಾದರೂ ಒಂದೇ ಮಿಠಾಯಿ ರುಚಿ. ಬಾಳೆಹಣ್ಣಿನ ವಾಸನೆ ಮೂಗಿಗೆ ಹೊಡೆದರೆ ಅದು ಗಾಮೆಯ ಗುಣವಲ್ಲ, ಆರಿಸಿ ಹಾಕಿದ ಹುದುಗಿನ ಮತ್ತು ಅವಸರದ ಫಲ. ‘ಪ್ರಿಮರ್’ ಎಂದಿದ್ದರೂ ಅದು ನೂವೋನೇ. ವಸಂತ ಕಳೆದ ಮೇಲೆ ರಿಯಾಯಿತಿಯಲ್ಲಿ ಸಿಕ್ಕರೂ ಬೇಡ.

ಉಳಿದ ಊರುಗಳು ಬೇಗ ಮುಗಿದವು. ಫ್ಲೂರಿಯದು ಗುಲಾಬಿ ಗ್ರಾನೈಟು, ಹಗುರ, ಹೂವಿನ ಘಮ. ಎಲ್ಲರಿಗೂ ಇಷ್ಟವಾಗುತ್ತದೆ, ಹೆಸರಿಗಾಗಿ ಒಂದೆರಡು ಯೂರೋ ಜಾಸ್ತಿ. ಮೂಲಾಂ-ಆ-ವಾಂ ಎಂಬ ಊರಿಲ್ಲ, ಗುಡ್ಡದ ಮೇಲೊಂದು ಹಳೆಯ ಗಾಳಿಗಿರಣಿ ಇದೆ ಅಷ್ಟೇ. ಮಣ್ಣಿನಲ್ಲಿ ಮ್ಯಾಂಗನೀಸ್, ವೈನು ಹತ್ತರಲ್ಲೂ ಗಟ್ಟಿ. ಅದನ್ನು ಹೊಸ ಓಕ್ ಪೀಪಾಯಿಗೆ ತುಂಬಿ ವೆನಿಲಾ ಬಳಿದು ಮಾರುವವರಿದ್ದಾರೆ, ದಂಡ. ಬ್ರೂಯಿ ಗುಡ್ಡದ ನೆತ್ತಿಯಲ್ಲಿ 1857ರ ಪುಟ್ಟ ಚರ್ಚು. ಬಳ್ಳಿಗೆ ಬಡಿದ ಬೂದಿ ರೋಗದಿಂದ ಕಾಪಾಡೆಂದು ಬೇಡಿ ಕಟ್ಟಿಸಿದ್ದು. ಔಷಧವಾಗಿ ಗಂಧಕದ ಪುಡಿಯನ್ನೂ ಹೊಡೆದರು ಅನ್ನಿ. ಎತ್ತರದ ಶಿರೂಬ್ಲ್‌ಗೆ ಪ್ರವಾಸಿಗರು ಕಡಿಮೆ. ತಂಪಿಗೆ ಹಣ್ಣು ತಡವಾಗಿ ಮಾಗುತ್ತದೆ, ವೈನಿನಲ್ಲಿ ಲವಲವಿಕೆಯ ಹುಳಿ. ಕೊಟ್ಟ ಕಾಸಿಗೆ ಇದರಷ್ಟು ಸುಖ ಬೇರೆಲ್ಲೂ ಇಲ್ಲ.

ಇನ್ನು ಲಿಯೋನಿನ ಆ ಹೋಟೆಲು. ಹೆಸರು ಬೇಡ. ಸೆಪ್ಟೆಂಬರಾದರೂ ಸೆಕೆ. ಕಾಫಿ ಯಂತ್ರದ ಪಕ್ಕದ ಕಪಾಟಿನಿಂದ ತೆಗೆದ ಮೊರ್ಗೋನ್ ಬಾಟಲಿ ಮುಟ್ಟಿದರೆ ಬೆಚ್ಚಗಿತ್ತು. ಐಸು ಕೇಳಿದರೆ, ಕೆಂಪು ವೈನಿಗೆ ಐಸು ಹಾಕುವುದಿಲ್ಲವೆಂದು ಬಡಿಸುವವರು ಪಾಠ ಹೇಳಿದರು. ಗಾಮೆಯ ನಾಡಿನ ಬಾಗಿಲಲ್ಲಿ ಕೂತು! ಇಪ್ಪತ್ತೈದು ಡಿಗ್ರಿಯಲ್ಲಿ ಗಾಮೆ ಕುಡಿದರೆ ಮದ್ಯದ ಘಾಟು ಮುಂದೆ ಬಂದು ಹಣ್ಣು ಹಿಂದಾಗುತ್ತದೆ, ಹುಳಿ ಸಪ್ಪೆಯಾಗುತ್ತದೆ. ವಿಲಾಜ್‌ಗೆ 12ರಿಂದ 13 ಡಿಗ್ರಿ, ಕ್ರೂಗೆ 14ರಿಂದ 16. ‘ಸೋ ಆ ಗ್ಲಾಸ್’, ಅಂದರೆ ಐಸಿನ ಬಕೆಟ್ಟು, ಕೇಳಿ; ಅದರಲ್ಲಿ ಐಸಿನ ಜೊತೆ ನೀರೂ ಇರಲಿ. ಬರೀ ಐಸು ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಸುತ್ತಲೂ ತಾಗುತ್ತದೆ. ಹತ್ತು ಹದಿನೈದು ನಿಮಿಷ ಸಾಕು. ಬೆಂಗಳೂರಿನ ಮನೆಯಲ್ಲಾದರೆ ಫ್ರಿಜ್ಜಿನಲ್ಲಿ ಒಂದು, ಒಂದೂವರೆ ಗಂಟೆ.

ಮರುದಿನದ ಪುಟ್ಟ ಹೋಟೆಲು ಇದಕ್ಕೆ ಪರಿಹಾರ. ತಳ ದಪ್ಪನೆಯ 46 ಸೆಂಟಿಲೀಟರಿನ ‘ಪೋ’ ಬಾಟಲಿಯಲ್ಲಿ ತಣ್ಣನೆಯ ವಿಲಾಜ್ ಬಂತು. ಲಿಯೋನಿನ ಊಟದಲ್ಲಿ ಹಂದಿಯಿಲ್ಲದ ತಟ್ಟೆ ಹುಡುಕುವುದು ಕಷ್ಟ, ಸಲಾಡಿನಲ್ಲೂ ಅದರ ತುಂಡು. ಮಾಂಸ ಬೇಡದವರು ‘ಸೆರ್ವೆಲ್ ದ ಕಾನ್ಯೂ’ ಕೇಳಬಹುದು: ಹಸಿ ಚೀಸಿಗೆ ಈರುಳ್ಳಿಜಾತಿಯ ಸೊಪ್ಪು, ಬೆಳ್ಳುಳ್ಳಿ, ವಿನಿಗರ್ ಕಲಸಿದ್ದು, ಬ್ರೆಡ್ಡಿಗೆ ಹಚ್ಚಿ ತಿನ್ನುವುದು. ಒಗರು ಕಡಿಮೆಯಾದ್ದರಿಂದ ಗಾಮೆ ನಮ್ಮ ಖಾರಕ್ಕೂ ಹೆದರುವುದಿಲ್ಲ. ಕೊಡಗಿನ ಪಂದಿ ಕರಿಗೆ ಮೊರ್ಗೋನ್ ಜೊತೆ ಮಾಡಿದರೆ ಕಾಚಂಪುಳಿಯ ಹುಳಿಗೂ ಅದು ನಿಲ್ಲುತ್ತದೆ.

ಊರಿಗೆ ತರುವವರ ಲೆಕ್ಕ ಸುಲಭ. ಭಾರತದ ಕಸ್ಟಮ್ಸಿನಲ್ಲಿ ವಯಸ್ಕರೊಬ್ಬರಿಗೆ ಸುಂಕವಿಲ್ಲದೆ ಎರಡು ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ. ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಗೇ ಹೋಗಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಜೀನ್ಸಿನೊಳಗೆ ಸುತ್ತಿ, ಪೆಟ್ಟಿಗೆಯ ನಡುವೆ ಇಡಿ. ಅಂಚಿಗೆ ಇಟ್ಟದ್ದೇ ಒಡೆಯುವುದು. ಎರಡರಲ್ಲಿ ಒಂದು ಶಿರೂಬ್ಲ್ ಇರಲಿ, ಬಂದ ತಿಂಗಳಲ್ಲೇ ಕುಡಿಯಲಿಕ್ಕೆ. ಇನ್ನೊಂದು ಕೋತ್ ದ್ಯು ಪಿ ಗುಡ್ಡದ ಮೊರ್ಗೋನ್. ಒಳ್ಳೆಯ ವರ್ಷದ್ದಾದರೆ ಅದು ಐದಾರು ವರ್ಷ ಮಾಗುತ್ತದೆ, ಮಾಗಿದಂತೆಲ್ಲ ಚೆರಿ ಹಣ್ಣಿನ ವಾಸನೆ ಹೋಗಿ ಪಿನೋ ನ್ವಾರಿನ ಛಾಯೆ ಬರುತ್ತದೆ. ಆದರೆ ಅಷ್ಟು ಕಾಲ ಇಡಲು 15 ಡಿಗ್ರಿಯ ಆಸುಪಾಸಿನ ಕತ್ತಲೆ ಜಾಗ ಬೇಕು. ಅದಿಲ್ಲದ ಮನೆಯಲ್ಲಿ, ಅಡುಗೆಮನೆಯ ಅಟ್ಟದ ಮೇಲಿಟ್ಟು ಕೆಡಿಸುವ ಬದಲು ಅದನ್ನೂ ಆ ವರ್ಷವೇ ತೆರೆದುಬಿಡಿ.