ಕಲ್ಕತ್ತೆಯ ಮಹೇಶಚಂದ್ರ ಬ್ಯಾನರ್ಜಿ

14 ಡಿಸೆಂಬರ್ 2024, ಶನಿವಾರ

ಗುಕೇಶ್ ಚೆಸ್ ವಿಶ್ವ ಚಾಂಪಿಯನ್ ಆಗಿ ಎರಡು ದಿನ ಆಯಿತು. ಸಿಂಗಪುರದ ಆ ಹದಿನಾಲ್ಕನೇ ಆಟವನ್ನು ಇವತ್ತು ಮತ್ತೆ ಮೊದಲಿಂದ ನೋಡಿದೆ. ಬಿಳಿ ಕಾಯಿ ಎದುರಾಳಿ ಡಿಂಗ್ ಲಿರೆನ್ ಅವರದು. ಎರಡನೇ ನಡೆಗೇ ಕುದುರೆ ಮುಂದಿನ ಕಾಲಾಳನ್ನು ಒಂದೇ ಒಂದು ಮನೆ ಮುಂದಿಟ್ಟರು. ಮೂರನೇ ನಡೆಗೆ ಆ ಖಾಲಿ ಮನೆಗೆ ಒಂಟೆ (ಬಿಷಪ್) ಬಂತು. ಮೂಲೆ ಪಕ್ಕ ಕೂತು ಇಡೀ ಮಣೆಯನ್ನು ಓರೆಯಾಗಿ ನೋಡುವ ಒಂಟೆ. ಈಗ ಶಾಲೆ ಮಕ್ಕಳೂ ಹೀಗೆ ಆಡುತ್ತಾರೆ. ನನಗೆ ಮಾತ್ರ ಆ ಒಂಟೆಯನ್ನು ನೋಡಿದಾಗಲೆಲ್ಲ ಮಹೇಶಚಂದ್ರ ಬ್ಯಾನರ್ಜಿ ನೆನಪಾಗುತ್ತಾರೆ.

ಅವರ ಬಗ್ಗೆ ಬರೆಯಬೇಕು ಅಂತ ತುಂಬ ದಿನದಿಂದ ಇತ್ತು. ಭಾರತದ ಚೆಸ್ ಅಂದರೆ ನಾವು ಆನಂದ್ ಹೆಸರು ಹೇಳುತ್ತೇವೆ. ಸ್ವಲ್ಪ ಓದಿದವರು ಸುಲ್ತಾನ್ ಖಾನ್ ಹೆಸರು ಹೇಳುತ್ತಾರೆ. ಸುಲ್ತಾನ್ ಖಾನ್ ಬ್ರಿಟಿಷ್ ಚಾಂಪಿಯನ್ ಆಗಿದ್ದು 1929ರಲ್ಲಿ. ಅದಕ್ಕೂ ಎಂಬತ್ತು ವರ್ಷ ಹಿಂದೆ ಈ ಬಂಗಾಳಿ, ಮಹೇಶಚಂದ್ರರು, ಆಡಿದ ಆಟಗಳು ಲಂಡನ್ನಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದವು. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಅವರ ಕತೆ ಹೇಳಬೇಕಾದರೆ ಜಾನ್ ಕಾಕ್ರೇನ್ ಕತೆಯಿಂದಲೇ ಶುರು ಮಾಡಬೇಕು. ಕಾಕ್ರೇನ್ ಸ್ಕಾಟ್ಲೆಂಡ್ ಮೂಲದ ಬ್ಯಾರಿಸ್ಟರ್. 1821ರಲ್ಲಿ ಪ್ಯಾರಿಸ್‌ಗೆ ಹೋಗಿ ಆಗಿನ ಅತಿರಥರಾದ ಡೆಶಾಪೆಲ್ ಮತ್ತು ಲಾ ಬೂರ್ಡೊನೆ ಎದುರು ಕೂತವರು. ಮರುವರ್ಷವೇ ಚೆಸ್ ಮೇಲೆ ಪುಸ್ತಕ ಬರೆದರು. ಆಮೇಲೆ ಕಲ್ಕತ್ತೆಗೆ ಬಂದು ವಕೀಲಿಕೆ ಹಿಡಿದರು. 1841ರಿಂದ 1843ರವರೆಗೆ ರಜೆಯಲ್ಲಿ ಲಂಡನ್‌ಗೆ ಹೋದಾಗ ಹೊವರ್ಡ್ ಸ್ಟಾಂಟನ್ ಜೊತೆ ನೂರಾರು ಆಟ ಆಡಿದರು. ಜಾಸ್ತಿ ಸೋತರು, ನಿಜ. ಆದರೆ ಆ ಸ್ಟಾಂಟನ್ 1843ರ ಕೊನೆಗೆ ಫ್ರಾನ್ಸಿನ ದೊಡ್ಡ ಆಟಗಾರ ಸೇಂತ್ ಅಮಾನ್ ಅವರನ್ನೇ ಸೋಲಿಸಿದವರು. ಅಂಥವರ ಜೊತೆ ದಿನವೂ ಸೆಣಸಿ ಬಂದ ಕಾಕ್ರೇನ್‌ಗೆ ಕಲ್ಕತ್ತೆಯಲ್ಲಿ ಸರಿಸಾಟಿ ಯಾರಿದ್ದಾರು?

ಆ ಹೊತ್ತಿಗೆ ಚೆಸ್ ಕ್ಲಬ್ಬಿನ ಸದಸ್ಯರೊಬ್ಬರ ಕಿವಿಗೆ ಒಂದು ಸುದ್ದಿ ಬಿತ್ತು. ಊರ ಕಡೆ ಒಬ್ಬ ಬ್ರಾಹ್ಮಣ ಇದ್ದಾರೆ, ಯಾರಿಗೂ ಸೋತಿಲ್ಲ ಅಂತ. ಹುಡುಕಿಕೊಂಡು ಹೋದರು. ಹೀಗೆ 1848ರಲ್ಲಿ ಮಹೇಶಚಂದ್ರರು ಕಲ್ಕತ್ತೆಯಲ್ಲಿ ಕಾಕ್ರೇನ್ ಎದುರು ಕೂತರು. ಕಾಕ್ರೇನ್ ಜೊತೆ ಸಮಸಮನಾಗಿ ಆಡಿ ಗೆಲ್ಲುವ ಅವಕಾಶ ಇರುವುದು ಇವರೊಬ್ಬರಿಗೇ ಅಂತ 1850ರ ಹೊತ್ತಿಗೆ ಕಲ್ಕತ್ತೆಯಿಂದ ಲಂಡನ್ನಿನ ಚೆಸ್ ಪತ್ರಿಕೆಗೆ ಕಾಗದ ಹೋಗಿತ್ತು.

ನನಗೆ ತುಂಬ ಇಷ್ಟವಾಗುವ ಭಾಗ ಮುಂದಿನದು. ಮಹೇಶಚಂದ್ರರು ಬಾಲ್ಯದಿಂದ ಆಡಿದ್ದು ನಮ್ಮ ಚದುರಂಗ. ನನ್ನ ತಾತ ಆಡಿಸುತ್ತಿದ್ದ ಥರದ್ದೇ. ಅದರಲ್ಲಿ ಕಾಲಾಳು ಸಾಮಾನ್ಯವಾಗಿ ಮೊದಲ ನಡೆಗೂ ಒಂದೇ ಮನೆ ಹೋಗುತ್ತದೆ. ಎರಡು ಮನೆ ಹಾರುವ ಹಾಗಿಲ್ಲ. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸಲಿಂಗ್ ಇಲ್ಲ. ಬದಲಿಗೆ ರಾಜ ಒಂದು ಸಲ ಮಾತ್ರ ಕುದುರೆಯ ಹಾಗೆ ಜಿಗಿಯಬಹುದು. ಇಂಥ ಆಟದಲ್ಲಿ ಮೊದಲ ಎರಡು ನಡೆಗೇ ಮಣೆಯ ನಡುವೆ ಹೊಡೆದಾಟ ಶುರುವಾಗುವುದಿಲ್ಲ. ಇಬ್ಬರೂ ಮೊದಲು ತಮ್ಮ ತಮ್ಮ ಕಡೆ ಕೋಟೆ ಕಟ್ಟುತ್ತಾರೆ. ಕಾಲಾಳನ್ನು ಒಂದು ಮನೆ ಸರಿಸಿ ಹಿಂದೆ ಒಂಟೆ ಕೂರಿಸುವುದು ಅಲ್ಲಿ ದಿನನಿತ್ಯದ ವಿಷಯ.

ಆಗಿನ ಯುರೋಪಿನಲ್ಲಿ ರೀತಿಯೇ ಬೇರೆ. ರಾಜನ ಮುಂದಿನ ಕಾಲಾಳು ಎರಡು ಮನೆ ಮುಂದೆ ಹೋಗಬೇಕು, ಎದುರಾಳಿಯದೂ ಹಾಗೇ ಬರಬೇಕು, ನಡು ಮಣೆಯಲ್ಲಿ ಜಗ್ಗಾಡಬೇಕು. ಮಹೇಶಚಂದ್ರರು ಯುರೋಪಿನ ನಿಯಮ ಕಲಿತರು, ಆದರೆ ತಮ್ಮ ಆಟದ ಬುದ್ಧಿಯನ್ನು ಬಿಡಲಿಲ್ಲ. ಕಪ್ಪು ಕಾಯಿ ಬಂದಾಗ ನಡು ಮಣೆಯನ್ನು ಕಾಕ್ರೇನ್‌ಗೇ ಬಿಟ್ಟುಕೊಡುತ್ತಿದ್ದರು. ಕಾಕ್ರೇನ್ ಅಲ್ಲಿ ಕಾಲಾಳುಗಳನ್ನು ಸಾಲಾಗಿ ನಿಲ್ಲಿಸಿದ ಮೇಲೆ ಪಕ್ಕದಿಂದ ಬಂದು ಕೆಡವುತ್ತಿದ್ದರು.

1855ರ ಒಂದು ಆಟವಂತೂ ನೋಡಲೇಬೇಕು. ಕಾಕ್ರೇನ್ ನಡುವೆ ನಾಲ್ಕು ಕಾಲಾಳುಗಳನ್ನು ನುಗ್ಗಿಸಿದರು. ಮಹೇಶಚಂದ್ರರು ಒಂಬತ್ತನೇ ನಡೆಗೆ ಅಲ್ಲಿಗೇ ಕುದುರೆ ಬಲಿ ಕೊಟ್ಟರು. ಇನ್ನು ಮೂರು ನಡೆ ಕಳೆದಾಗ ಕಾಕ್ರೇನ್ ಅವರ ಕುದುರೆ ಇವರ ಮಂತ್ರಿಗೇ ಗುರಿ ಇಟ್ಟು ಬಂತು. ಬೇರೆ ಯಾರಾದರೂ ಮಂತ್ರಿಯನ್ನು ಸರಿಸುತ್ತಿದ್ದರು. ಇವರು ಸರಿಸಲಿಲ್ಲ. ಕಾಲಾಳಿನಿಂದ ಇನ್ನೊಂದು ಕುದುರೆಯನ್ನು ಹೊಡೆದರು. ಮಂತ್ರಿ ಹೋಯಿತು. ಅದೇ ಕಾಲಾಳು ಮತ್ತೆ ಒಂದು ಹೆಜ್ಜೆ ಇಟ್ಟು ಹೊಡೆಯಿತು. ಆಗ ಆನೆಗೂ ಏಟು, ಹಿಂದೆ ಕಾದಿದ್ದ ಒಂಟೆಯ ದಾರಿಯೂ ತೆರೆದು ಕಾಕ್ರೇನ್ ಅವರ ಮಂತ್ರಿಗೂ ಏಟು! ಕೊನೆಗೆ ಮಹೇಶಚಂದ್ರರೇ ಗೆದ್ದರು. ಇದನ್ನು ಮಣೆ ಮೇಲೆ ಕಾಯಿ ಇಟ್ಟು ನಿಧಾನವಾಗಿ ಆಡಿ ನೋಡಿ. ಮೊಬೈಲಿನಲ್ಲಿ ಬೆರಳು ಸರಿಸಿದರೆ ಆ ಹನ್ನೆರಡನೇ ನಡೆಯ ಧೈರ್ಯ ಗೊತ್ತಾಗುವುದಿಲ್ಲ.

ಅದೇ ವರ್ಷದ ಇನ್ನೊಂದು ಆಟದಲ್ಲಿ ಅವರು ಸೋತರು. ಒಂಟೆ ಕೂರಿಸಲು ಕಾಲಾಳು ಸರಿಸಿ, ಮರುನಡೆಗೇ ಮಂತ್ರಿಯ ಕಾಲಾಳಿನಿಂದ ನಡು ಮಣೆಗೆ ಸವಾಲು ಹಾಕಿದ್ದರು. ಕಾಕ್ರೇನ್ ಕುದುರೆ ನುಗ್ಗಿಸಿ, ಕೊನೆಗೆ ರಾಜನಿಗೆ ಉಸಿರಾಡಲೂ ಜಾಗ ಇಲ್ಲದ ಹಾಗೆ ಮುಗಿಸಿದರು. ಆದರೆ ಮಹೇಶಚಂದ್ರರ ಆ ಶುರುವಾತು ಉಳಿದುಕೊಂಡಿತು. 1922ರಲ್ಲಿ ವಿಯೆನ್ನಾದ ಅರ್ನ್ಸ್ಟ್ ಗ್ರುನ್‌ಫೆಲ್ಡ್ ಅದೇ ರೀತಿ ಆಡಿ, ಮುಂದೆ ವಿಶ್ವ ಚಾಂಪಿಯನ್ ಆದ ಅಲೆಖಿನ್ ಅವರನ್ನು ಸೋಲಿಸಿದರು. ಇಂದು ಅದು ಗ್ರುನ್‌ಫೆಲ್ಡ್ ಡಿಫೆನ್ಸ್.

ಮಹೇಶಚಂದ್ರರು ಕಾಲಕ್ಕಿಂತ ಎಪ್ಪತ್ತು ವರ್ಷ ಮುಂದಿದ್ದರು ಅಂತ ಹೊಗಳುವವರಿದ್ದಾರೆ. ನನಗೆ ಆ ಮಾತು ಸರಿ ಕಾಣುವುದಿಲ್ಲ. ಅವರ ಹಿಂದೆ ನೂರಾರು ವರ್ಷದ ಆಟ ಇತ್ತು. ಜಗಲಿ ಮೇಲೆ ಕೂತು ಆಡಿದ ಸಾವಿರಾರು ಜನರ ಅನುಭವ ಇತ್ತು. ಅದನ್ನೇ ಅವರು ಹೊಸ ನಿಯಮದ ಮಣೆಗೆ ತಂದರು. ಯುರೋಪಿನ ಆಟಗಾರರಾದ ನಿಮ್ಜೊವಿಚ್, ರೆಟಿ ಮುಂತಾದವರು 1920ರ ದಶಕದಲ್ಲಿ ಹೊಸದಾಗಿ ಕಂಡುಕೊಂಡ ವಿಚಾರ, ಅಂದರೆ ನಡು ಮಣೆ ಬಿಟ್ಟುಕೊಟ್ಟು ಪಕ್ಕದಿಂದ ಹೊಡೆಯುವುದು, ನಮ್ಮ ಹಳೇ ಆಟದವರಿಗೆ ಅಭ್ಯಾಸವೇ ಆಗಿತ್ತು, ಅಲ್ವಾ?

ಕಾಕ್ರೇನ್ ಜಾಸ್ತಿ ಆಟ ಗೆದ್ದರು ಅನ್ನುವುದನ್ನು ಮರೆಮಾಚಬಾರದು. ಮಹೇಶಚಂದ್ರರು ನೂರಾರು ಆಟದಲ್ಲಿ ಸೋತಿದ್ದಾರೆ. ಆದರೆ ಆ ಆಟಗಳನ್ನೆಲ್ಲ ಬರೆದಿಟ್ಟು, ಲಂಡನ್‌ಗೆ ಕಳಿಸಿ ಅಚ್ಚು ಮಾಡಿಸಿದ್ದೂ ಕಾಕ್ರೇನ್ ಅವರೇ. ಸೋತ ಆಟವನ್ನೂ ಕಳಿಸಿದ ಮನುಷ್ಯ. ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಇದೆ.

ಹೆಸರಿನ ವಿಷಯಕ್ಕೆ ಬಂದರೆ ಮಾತ್ರ ಬೇಜಾರಾಗುತ್ತದೆ. 1848ರಲ್ಲಿ ಕಾಕ್ರೇನ್ ಇವರ ಎದುರೇ ನಾಲ್ಕನೇ ನಡೆಗೆ ಕುದುರೆ ಬಲಿ ಕೊಟ್ಟರು. ಹೀಗೆ ಶುರುವಿನಲ್ಲೇ ಕಾಯಿ ಬಲಿ ಕೊಡುವುದಕ್ಕೆ ಗ್ಯಾಂಬಿಟ್ ಅನ್ನುತ್ತಾರೆ; ಅದು ಕಾಕ್ರೇನ್ ಗ್ಯಾಂಬಿಟ್ ಆಯಿತು. ಇನ್ನೊಂದಕ್ಕೆ ಗ್ರುನ್‌ಫೆಲ್ಡ್ ಹೆಸರು ಬಂತು. ಮಹೇಶಚಂದ್ರರ ಆಟಕ್ಕೆ ಸಿಕ್ಕಿದ್ದು ಬರೀ 'ಇಂಡಿಯನ್'. ಇಂಡಿಯನ್ ಡಿಫೆನ್ಸ್ ಅನ್ನುವ ಹೆಸರು 1884ರ ಹೊತ್ತಿಗೇ ಬಳಕೆಯಲ್ಲಿತ್ತು, ಇವರ ಆಟದಿಂದಲೇ ಬಂದದ್ದು. ಕಿಂಗ್ಸ್ ಇಂಡಿಯನ್, ನಿಮ್ಜೊ ಇಂಡಿಯನ್ ಅಂತ ಮುಂದೆ ಬಂದ ಶುರುವಾತುಗಳ ಹೆಸರು ಎಲ್ಲದರಲ್ಲೂ ಅದೇ 'ಇಂಡಿಯನ್' ಉಳಿಯಿತು. ಯಾವ ಇಂಡಿಯನ್ ಅಂತ ಯಾರೂ ಕೇಳಲಿಲ್ಲ.

ಅದೇ ಕಾಲದಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು ಅರವತ್ತನಾಲ್ಕು ಮನೆಗೂ ಒಂದೊಂದೇ ಸಲ ಓಡಿಸುವ ದಾರಿಗಳನ್ನು ಕಟ್ಟುತ್ತಿದ್ದರು. ಅದರ ಬಗ್ಗೆ ಇನ್ನೊಂದು ದಿನ ಬರೆಯಬೇಕು.

ಕಾಕ್ರೇನ್ ಎದುರು ಆಡಿದ ಇನ್ನೊಬ್ಬ ಬಂಗಾಳಿಯೂ ಇದ್ದಾರೆ, ಸೋಮಚರಣ ಗುಟ್ಟಕ್. ಅವರ ಆಟಗಳೂ ಉಳಿದಿವೆ. ನೋಡುವವರು ಇನ್ನೂ ಕಡಿಮೆ. ನಾಳೆ ಭಾನುವಾರ, ಅವುಗಳನ್ನು ಹಿಡಿಯುತ್ತೇನೆ.