ಮೀನಿನ ಎಣ್ಣೆ, ಡಯಾಲಿಸಿಸ್ ಮತ್ತು ಎಂಟು ಕ್ಯಾಪ್ಸೂಲಿನ ಲೆಕ್ಕ

ನನ್ನ ಹಾಗೆ ಡಯಾಲಿಸಿಸ್‌ಗೆ ಹೋಗುವವರಿಗೆ ಬಿಟ್ಟಿ ಸಲಹೆಗೆ ಬರ ಇಲ್ಲ. ಸತ್ತ ಕಿಡ್ನಿ ಮತ್ತೆ ಬದುಕುವ ಪುಡಿ, ಕಿಡ್ನಿ ಹೊರಹಾಕಬೇಕಾದ ಕ್ರಿಯಾಟಿನಿನ್ ಅನ್ನುವ ಕಸವನ್ನು ಒಂದೇ ವಾರದಲ್ಲಿ ಇಳಿಸುವ ರಸ, ಏನೇನೋ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ನಾನೂ ಹ್ಞೂಂ ಅಂದು ಸುಮ್ಮನಾಗುತ್ತೇನೆ. ಆದರೆ ಮೀನಿನ ಎಣ್ಣೆಯ ಸುದ್ದಿ ಆ ಜಾತಿಯದ್ದಲ್ಲ. ಅದಕ್ಕೇ ಕೂತು ಬರೀತಿದ್ದೇನೆ.

2025ರ ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪೈಸೀಸ್ ಅನ್ನುವ ಅಧ್ಯಯನ ಪ್ರಕಟವಾಯಿತು. ಕೆನಡಾ, ಆಸ್ಟ್ರೇಲಿಯಾದ 1,228 ಹೀಮೋಡಯಾಲಿಸಿಸ್ ರೋಗಿಗಳು, ಅಂದರೆ ಮೆಷಿನ್‌ನಲ್ಲಿ ರಕ್ತ ಶುದ್ಧ ಮಾಡಿಸಿಕೊಳ್ಳುವವರು. ಅರ್ಧದಷ್ಟು ಜನರಿಗೆ ದಿನಕ್ಕೆ 4 ಗ್ರಾಂ ಮೀನಿನ ಎಣ್ಣೆ, ಉಳಿದವರಿಗೆ ಮೆಕ್ಕೆಜೋಳದ ಎಣ್ಣೆ. ಯಾರಿಗೆ ಯಾವುದು ಸಿಕ್ಕಿದೆ ಅಂತ ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ಮೂರೂವರೆ ವರ್ಷ ಹೀಗೆ ನಡೆಯಿತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಕಾರಣಕ್ಕೆ ಸಾವು, ರಕ್ತ ಹರಿಯದೆ ಕಾಲು ಕತ್ತರಿಸಬೇಕಾಗಿ ಬರುವುದು, ಇವೆಲ್ಲವನ್ನೂ ಒಟ್ಟು ಹಾಕಿ ನೋಡಿದರೆ ಮೀನಿನ ಎಣ್ಣೆ ತಗೊಂಡವರಲ್ಲಿ ಶೇ. 43ರಷ್ಟು ಕಮ್ಮಿ.

ಡಯಾಲಿಸಿಸ್‌ನವರಿಗೆ ಇದು ಎಷ್ಟು ದೊಡ್ಡ ಮಾತು ಅನ್ನುವುದು ಹೊರಗಿನವರಿಗೆ ಬೇಗ ಅರ್ಥವಾಗುವುದಿಲ್ಲ. ನಮ್ಮನ್ನು ಜಾಸ್ತಿ ಕೊಲ್ಲುವುದು ಕಿಡ್ನಿ ಅಲ್ಲ, ಹೃದಯ. ಅದರಲ್ಲೂ ಮೊದಲೇ ಏನೂ ಸುಳಿವು ಕೊಡದೆ ನಿಂತುಹೋಗುವ ಹೃದಯ. ವಾರಕ್ಕೆ ಮೂರು ಸಲ ಹೋಗುವವರಿಗೆ ಒಂದು ಕಡೆ ಎರಡು ದಿನದ ದೊಡ್ಡ ಗ್ಯಾಪ್ ಬರುತ್ತದೆ. ಆ ಹೊತ್ತಿಗೆ ಮೈಯಲ್ಲಿ ನೀರು ತುಂಬಿರುತ್ತದೆ, ಪೊಟ್ಯಾಸಿಯಂ ಏರಿರುತ್ತದೆ. ಮೆಷಿನ್‌ಗೆ ಹಾಕಿದ ಮೇಲೆ ಎರಡೂ ನಾಲ್ಕೇ ಗಂಟೆಯಲ್ಲಿ ಇಳಿಯಬೇಕು. ನೀರು ಎಳೆಯುವುದು ಸ್ವಲ್ಪ ಜಾಸ್ತಿಯಾದರೆ ನನಗೆ ಮೊದಲು ಆಕಳಿಕೆ, ಆಮೇಲೆ ಮೀನಖಂಡದಲ್ಲಿ ಸೆಳೆತ, ಅಷ್ಟರಲ್ಲಿ ಬಿಪಿ ಲೋ. ಹೃದಯ ಇದನ್ನೆಲ್ಲ ವರ್ಷಗಟ್ಟಲೆ ತಡೆದುಕೊಳ್ಳಬೇಕು.

ಬೇರೆಯವರ ಹೃದಯ ಕಾಯುವ ಕೆಲವು ಔಷಧಿಗಳು ನಮ್ಮ ಹತ್ತಿರ ಬಂದರೆ ಸೋಲುತ್ತವೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನೇ ತಗೊಳ್ಳಿ. 2005ರಲ್ಲಿ ಸಕ್ಕರೆ ಕಾಯಿಲೆ ಇರುವ ಡಯಾಲಿಸಿಸ್ ರೋಗಿಗಳಿಗೆ ಅಟೋರ್ವಾಸ್ಟಾಟಿನ್ ಕೊಟ್ಟು ನೋಡಿದರು. 2009ರಲ್ಲಿ 2,776 ಜನರಿಗೆ ರೋಸುವಾಸ್ಟಾಟಿನ್ ಪರೀಕ್ಷೆ ಮಾಡಿದರು. ಕೊಲೆಸ್ಟರಾಲ್ ಚೆನ್ನಾಗಿಯೇ ಇಳಿಯಿತು. ಹೃದಯದ ತೊಂದರೆ ಮತ್ತು ಸಾವು ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಇಂಥ ಕಡೆ ಶೇ. 43 ಅಂದರೆ ಅನುಮಾನ ಬರಬೇಕಾದದ್ದೇ.

ನನಗೂ ಬಂತು. ಯಾಕಂದರೆ ಮೀನಿನ ಎಣ್ಣೆಯ ಹಳೇ ಕಥೆ ಅಷ್ಟೇನೂ ಉಜ್ವಲವಾಗಿಲ್ಲ. ವೈಟಲ್ ಅಧ್ಯಯನದಲ್ಲಿ 25,871 ಸಾಮಾನ್ಯ ಜನರನ್ನು ನೋಡಿದರು. ಅಲ್ಲಿ ದಿನಕ್ಕೆ 1 ಗ್ರಾಂ ಒಮೇಗಾ-3 (ಮೀನಿನ ಎಣ್ಣೆಯಲ್ಲಿರುವ ಕೊಬ್ಬಿನಾಮ್ಲ) ಕೊಟ್ಟರೂ ಹೃದಯದ ದೊಡ್ಡ ತೊಂದರೆಗಳು ಕಮ್ಮಿಯಾಗಲಿಲ್ಲ. ಡೆನ್ಮಾರ್ಕ್‌ನಲ್ಲಿ 206 ಡಯಾಲಿಸಿಸ್ ರೋಗಿಗಳಿಗೆ 1.7 ಗ್ರಾಂ ಕೊಟ್ಟಾಗ ಹಾರ್ಟ್ ಅಟ್ಯಾಕ್ ಕಮ್ಮಿಯಾದರೂ ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಆದರೆ 2012ರಲ್ಲಿ ಟೊರಾಂಟೊದ ಡಾ. ಶಾರ್ಮೇನ್ ಲೋಕ್ ಅವರ ತಂಡ ಡಯಾಲಿಸಿಸ್‌ಗೆ ಸೂಜಿ ಚುಚ್ಚಲು ಹಾಕುವ ಕೃತಕ ನಾಳ, ಅಂದರೆ ಗ್ರಾಫ್ಟ್, ಕಟ್ಟಿಕೊಳ್ಳದಂತೆ ಮೀನಿನ ಎಣ್ಣೆ ತಡೆಯುತ್ತದಾ ಅಂತ ನೋಡಲು ಹೋಗಿತ್ತು. ಗ್ರಾಫ್ಟಿನ ಉತ್ತರ ಖಚಿತವಾಗಿ ಸಿಗಲಿಲ್ಲ. ಪಕ್ಕದಲ್ಲಿ ಹೃದಯದ ತೊಂದರೆ ಕಮ್ಮಿಯಾಗಿದ್ದು ಕಣ್ಣಿಗೆ ಬಿತ್ತು. ಅದೇ ಲೋಕ್ ಆ ಎಳೆ ಹಿಡಿದು ಪೈಸೀಸ್ ಮಾಡಿದ್ದು. ಡಯಾಲಿಸಿಸ್ ರೋಗಿಗಳ ರಕ್ತದಲ್ಲಿ ಇಪಿಎ, ಡಿಎಚ್‌ಎ ಅನ್ನುವ ಈ ಒಮೇಗಾ-3 ಕೊಬ್ಬಿನಾಮ್ಲಗಳು ಕಮ್ಮಿ ಇರುತ್ತವೆ. ಇರುವವರಿಗೆ ಮೇಲೆ ಹಾಕುವುದು ಬೇರೆ, ಇಲ್ಲದವರಿಗೆ ತುಂಬುವುದು ಬೇರೆ, ಅಲ್ವಾ? ನನಗೆ ನಂಬಿಕೆ ಹುಟ್ಟಿದ್ದು ಇಲ್ಲಿ.

ಈಗ ಬಾಟಲಿಗೆ ಬರೋಣ. ಇಲ್ಲೇ ಎಲ್ಲರೂ ಎಡವುವುದು. ಮುಂದುಗಡೆ ದಪ್ಪಕ್ಷರದಲ್ಲಿ 1000 ಮಿಲಿಗ್ರಾಂ ಅಂತ ಇರುತ್ತದೆ. ಅದು ಎಣ್ಣೆಯ ತೂಕ. ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಸಾಮಾನ್ಯ ಕ್ಯಾಪ್ಸೂಲಿನಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ. ಪೈಸೀಸ್‌ನಲ್ಲಿ ಕೊಟ್ಟಿದ್ದು ದಿನಕ್ಕೆ ಇಪಿಎ 1.6 ಗ್ರಾಂ, ಡಿಎಚ್‌ಎ 0.8 ಗ್ರಾಂ, ಅಂದರೆ 2400 ಮಿಲಿಗ್ರಾಂ. ಅಷ್ಟಾಗಬೇಕಾದರೆ ಸಾಮಾನ್ಯ ಕ್ಯಾಪ್ಸೂಲು ಎಂಟು ನುಂಗಬೇಕು! ಬೆಳಿಗ್ಗೆ ಒಂದು ನುಂಗಿ "ನಾನೂ ತಗೋತಿದ್ದೀನಿ" ಅನ್ನುವವರು ಎಂಟರಲ್ಲಿ ಒಂದು ಪಾಲು ತಗೊಳ್ಳುತ್ತಿದ್ದಾರೆ, ಅಷ್ಟೇ. ಇಪಿಎ, ಡಿಎಚ್‌ಎ ಜಾಸ್ತಿ ತುಂಬಿದ ಕ್ಯಾಪ್ಸೂಲುಗಳೂ ಇವೆ. ಒಂದರಲ್ಲಿ 600 ಇದ್ದರೆ ನಾಲ್ಕು ಸಾಕು.

ನಾಲ್ಕೇ ಆದರೂ ನೀರಿನ ಪ್ರಶ್ನೆ ಉಂಟಲ್ಲ. ನನಗೆ ದಿನಕ್ಕೆ ಒಂದು ಲೀಟರ್ ಮಿತಿ. ಮಾತ್ರೆಗೆ ಹೋಗುವ ಗುಟುಕೂ ಅದರಲ್ಲೇ ಬರಬೇಕು. ಈ ಕ್ಯಾಪ್ಸೂಲೋ ಗಂಟಲಲ್ಲಿ ಅಡ್ಡ ನಿಲ್ಲುವಷ್ಟು ದಪ್ಪ. ಬರೀ ಹೊಟ್ಟೆಯಲ್ಲಿ ತಗೊಂಡರೆ ಮಧ್ಯಾಹ್ನದವರೆಗೂ ಮೀನಿನ ತೇಗು. ಊಟದ ಮಧ್ಯೆ ತಗೊಂಡರೆ ಎಣ್ಣೆ ಚೆನ್ನಾಗಿ ಮೈಗೆ ಹತ್ತುತ್ತದೆ, ತೇಗೂ ಕಮ್ಮಿ. ಹೇಗೂ ಫಾಸ್ಫರಸ್ ಕಮ್ಮಿ ಮಾಡುವ ಮಾತ್ರೆ ಊಟದ ಜೊತೆಗೇ ಇರುತ್ತದೆ, ಎರಡನ್ನೂ ಒಂದೇ ಗುಟುಕಿನಲ್ಲಿ ಇಳಿಸುತ್ತೇನೆ.

ಕಾಡ್ ಲಿವರ್ ಆಯಿಲ್ ಮಾತ್ರ ಬೇಡ. ಅದು ಮೀನಿನ ಯಕೃತ್ತಿನ ಎಣ್ಣೆ, ಅದರಲ್ಲಿ ವಿಟಮಿನ್ ಎ ಜಾಸ್ತಿ. ಕಿಡ್ನಿ ಕೆಲಸ ಮಾಡದವರ ಮೈಯಲ್ಲಿ ವಿಟಮಿನ್ ಎ ಮೊದಲೇ ಕೂಡಿಕೊಂಡಿರುತ್ತದೆ. ಅಂಗಡಿಯ ಕಪಾಟಿನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಕೂತಿರುತ್ತವೆ, ಹುಷಾರು.

ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ ಅನ್ನುವುದಕ್ಕೂ ಕಾರಣ ಇದೆ. ಹೃದ್ರೋಗ ಅಥವಾ ಸಕ್ಕರೆ ಕಾಯಿಲೆ ಇರುವವರ ಮೇಲೆ ನಡೆದ ರೆಡ್ಯೂಸ್-ಇಟ್ ಅಧ್ಯಯನದಲ್ಲಿ ದಿನಕ್ಕೆ 4 ಗ್ರಾಂ ಶುದ್ಧ ಇಪಿಎ ತಗೊಂಡವರಲ್ಲಿ ಶೇ. 3.1ರಷ್ಟು ಜನ ಏಟ್ರಿಯಲ್ ಫಿಬ್ರಿಲೇಷನ್‌ನಂಥ ತಾಳ ತಪ್ಪಿದ ಎದೆಬಡಿತಕ್ಕೆ ಆಸ್ಪತ್ರೆ ಸೇರಿದರು. ತಗೊಳ್ಳದವರಲ್ಲಿ ಅದು ಶೇ. 2.1. ಮೇಲೆ ನಮಗೆ ಪ್ರತಿ ಸಲ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹೋಗುತ್ತದೆ, ಎಷ್ಟೋ ಜನ ಆಸ್ಪಿರಿನ್ ಬೇರೆ ತಗೊಳ್ಳುತ್ತಾರೆ, ಹಾಗಾಗಿ ರಕ್ತ ಬೇಗ ನಿಲ್ಲದಿದ್ದರೆ ಅನ್ನುವ ಚಿಂತೆಯೂ ಇದೆ. ನನ್ನ ಡಾಕ್ಟರು ಮೊದಲು ಇಸಿಜಿ ತೆಗೆಸಿದರು, ರಕ್ತ ತೆಳುವಾಗಿಸುವ ಮಾತ್ರೆಗಳ ಪಟ್ಟಿ ನೋಡಿದರು, ಆಮೇಲೆ ಬರೆದುಕೊಟ್ಟರು. ಸಿಸ್ಟರ್‌ಗೂ ಹೇಳಿಟ್ಟರು. ಈಗ ಸೂಜಿ ತೆಗೆದ ಮೇಲೆ ಫಿಸ್ಟುಲಾ (ಸೂಜಿ ಚುಚ್ಚಲು ಜೋಡಿಸಿದ ರಕ್ತನಾಳ) ಎಷ್ಟು ಹೊತ್ತು ಒತ್ತಿ ಹಿಡಿಯಬೇಕಾಯಿತು ಅಂತ ಚಾರ್ಟ್‌ನಲ್ಲಿ ಬರೆಯುತ್ತಾರೆ.

ಪಕ್ಕದ ಬೆಡ್ಡಿನ ಹಿರಿಯರಿಗೆ ಎದೆಬಡಿತದ ತೊಂದರೆ ಮೊದಲಿಂದಲೂ ಇದೆ. ಅವರಿಗೆ ಸದ್ಯಕ್ಕೆ ಬೇಡ ಅಂದಿದ್ದಾರೆ. ಮನೆಯಲ್ಲೇ ಹೊಟ್ಟೆಯ ಮೂಲಕ ಡಯಾಲಿಸಿಸ್ ಮಾಡಿಕೊಳ್ಳುವ ಗೆಳತಿಯೊಬ್ಬಳು ನನಗೂ ಆಗುತ್ತಾ ಅಂತ ಕೇಳಿದ್ದಳು. ಪೈಸೀಸ್ ನಡೆದದ್ದು ಹೀಮೋಡಯಾಲಿಸಿಸ್‌ನವರ ಮೇಲೆ ಮಾತ್ರ, ನಿನ್ನ ಡಾಕ್ಟರ್ ಹತ್ರ ಮಾತಾಡು ಅಂದೆ.