ರಸೀದಿ ಬಂತು, ಆಮೇಲೆ?

2023ರ ಜನವರಿ. ಜಯನಗರದಲ್ಲಿ ಮೆಟ್ರೋ ಇಳಿದು ಬರುತ್ತಿದ್ದೆ. ಕೊರಳಿಗೆ ಯಾವುದೋ ಎನ್‌ಜಿಒದ ಐಡಿ ಕಾರ್ಡ್ ಹಾಕಿಕೊಂಡ ಹುಡುಗನೊಬ್ಬ "ಸರ್, ಎರಡೇ ನಿಮಿಷ" ಅಂತ ನಿಲ್ಲಿಸಿದ. ಅವನ ಟ್ಯಾಬಿನಲ್ಲಿ ಆಸ್ಪತ್ರೆ ಹಾಸಿಗೆ ಮೇಲೆ ಮಲಗಿದ್ದ ಮಗುವಿನ ಫೋಟೋ. ಮಗುವಿನ ಮುಖ ನೋಡಿ ಅರ್ಧ, ಬಿಸಿಲಲ್ಲಿ ನಿಂತು ಒಣಗಿದ ಆ ಹುಡುಗನ ಮುಖ ನೋಡಿ ಇನ್ನರ್ಧ ಕರಗಿ ಐದು ಸಾವಿರ ಕಳಿಸಿಬಿಟ್ಟೆ. ತಕ್ಷಣ ಮೊಬೈಲಿಗೆ ರಸೀದಿ ಬಂತು. 80ಜಿ, ಅಂದರೆ ದಾನ ಕೊಟ್ಟವರಿಗೆ ಸಿಗುವ ಆದಾಯ ತೆರಿಗೆ ವಿನಾಯಿತಿ, ಉಂಟು ಅಂತಲೂ ಅದರಲ್ಲಿ ಬರೆದಿತ್ತು.

ಜುಲೈನಲ್ಲಿ ರಿಟರ್ನ್ ಹಾಕಲು ಕೂತಾಗ ಆಡಿಟರ್ ಕೇಳಿದರು, "10ಬಿಇ ಎಲ್ಲಿ?" ನನಗೆ ಅದೇನು ಅಂತಲೇ ಗೊತ್ತಿರಲಿಲ್ಲ. ಯಾರು ಎಷ್ಟು ಕೊಟ್ಟರು ಅನ್ನುವ ಲೆಕ್ಕವನ್ನು ಸಂಸ್ಥೆಯೇ ಮೇ 31ರೊಳಗೆ ಆದಾಯ ತೆರಿಗೆ ಇಲಾಖೆಗೆ ಒಪ್ಪಿಸಿ, ಕೊಟ್ಟವರಿಗೆ 10ಬಿಇ ಅನ್ನುವ ಪ್ರಮಾಣಪತ್ರ ಕೊಡಬೇಕಂತೆ. 2021-22ರ ದಾನಗಳಿಂದ ಬಂದ ನಿಯಮ ಇದು. ಬರೀ ರಸೀದಿ ಸಾಲದು. ಸಂಸ್ಥೆಗೆ ಫೋನ್ ಮಾಡಿದೆ. ಮೊದಲ ಸಲ "ಮೇಲ್ ಮಾಡಿ" ಅಂದರು, ಎರಡನೇ ಸಲ "ಅದನ್ನು ನೋಡಿಕೊಳ್ಳೋರು ರಜೆ", ಮೂರನೇ ಸಲ ಎತ್ತಲೇ ಇಲ್ಲ. ಆದರೆ ಮುಂದಿನ ತಿಂಗಳು ಅವರೇ ಫೋನ್ ಮಾಡಿದರು. ಈ ವರ್ಷವೂ ಏನಾದರೂ ಕೊಡ್ತೀರಾ ಅಂತ ಕೇಳೋಕೆ!

"ಎಲ್ಲ ಎನ್‌ಜಿಒಗಳೂ ಇಷ್ಟೇ ಕಣಯ್ಯ" ಅಂದರು ನಮ್ಮ ಭಾವ. ಅವರು ಯಾರಿಗೂ ಹತ್ತು ರೂಪಾಯಿ ಬಿಚ್ಚಿದವರಲ್ಲ, ಆ ಮಾತು ಬೇರೆ. ನನಗಂತೂ ತಪ್ಪು ನನ್ನದೂ ಇತ್ತು ಅನ್ನಿಸಿತು. ಮಿಕ್ಸಿ ತಗೊಳ್ಳೋಕೆ ನಾಲ್ಕು ಅಂಗಡಿ ಸುತ್ತುವವನು ಇಲ್ಲಿ ಹೆಸರನ್ನೂ ಸರಿಯಾಗಿ ಓದಿರಲಿಲ್ಲ.

ಈಗ ಮೊದಲು ನೋಡೋದು ನೋಂದಣಿ. ಟ್ರಸ್ಟಾ, ಸೊಸೈಟಿಯಾ, ಲಾಭಕ್ಕಲ್ಲದ ಸೆಕ್ಷನ್ 8 ಕಂಪನಿಯಾ? 2021ರ ಏಪ್ರಿಲ್‌ನಿಂದ ಹಳೇ 80ಜಿ ಸಂಸ್ಥೆಗಳೆಲ್ಲ ಹೊಸದಾಗಿ ನೋಂದಣಿ ಮಾಡಿಸಬೇಕಾಯಿತು, ಅದೂ ಜೀವನಪೂರ್ತಿಗೆ ಅಲ್ಲ, ಅವಧಿ ಇರುತ್ತದೆ. ನನ್ನ ರಸೀದಿಯಲ್ಲಿದ್ದದ್ದು ಓಬೀರಾಯನ ಕಾಲದ ನಂಬರು. ಎನ್‌ಜಿಒಗಳ ವಿವರ ಇರುವ ನೀತಿ ಆಯೋಗದ ದರ್ಪಣ್ ಪೋರ್ಟಲ್‌ನಲ್ಲೂ ಹುಡುಕಬಹುದು. ಆದರೆ ಅಲ್ಲಿರುವುದು ಸಂಸ್ಥೆಯವರು ತಾವೇ ತುಂಬಿದ ವಿವರ, ದರ್ಪಣ್ ಐಡಿ ಇದೆ ಅಂದ ಮಾತ್ರಕ್ಕೆ ಸರ್ಕಾರ ಬೆನ್ನು ತಟ್ಟಿದೆ ಅಂತಲ್ಲ. 80ಜಿ ಕೂಡ ಅಷ್ಟೇ. ಅದು ತೆರಿಗೆಯ ವಿಷಯ, ಕೆಲಸ ಚೆನ್ನಾಗಿ ನಡೀತಿದೆ ಅನ್ನೋದಕ್ಕೆ ಸಾಕ್ಷಿ ಅಲ್ಲ. ಅಂದಹಾಗೆ, ಎರಡು ಸಾವಿರಕ್ಕಿಂತ ಜಾಸ್ತಿ ನಗದು ಕೊಟ್ಟರೆ ಆ ವಿನಾಯಿತಿಯೂ ಸಿಗಲ್ಲ.

ಆಮೇಲೆ ಆಡಿಟ್ ಆದ ಲೆಕ್ಕ. ಇಲ್ಲಿ ನಾನು ಸ್ವಲ್ಪ ಜಗಳಗಂಟ. "ನೂರಕ್ಕೆ ನೂರು ಮಕ್ಕಳಿಗೇ ಹೋಗುತ್ತೆ, ಕಚೇರಿ ಖರ್ಚು ಸೊನ್ನೆ" ಅಂತ ಯಾರಾದರೂ ಹೇಳಿದರೆ ನನಗೆ ಅನುಮಾನವೇ ಜಾಸ್ತಿ. ಲೆಕ್ಕ ಬರೆಯುವವರು ಬೇಡವಾ? ಅಂಧ ಮಕ್ಕಳ ಶಾಲೆಯಲ್ಲಿ ಬ್ರೈಲ್ ಕಲಿಸುವ ಮೇಡಂಗೆ ಸಂಬಳ ಬೇಡವಾ? ಅಲ್ಲಿ ಸಂಬಳವೇ ಕೆಲಸ. ಕಂಬಳಿ ಹಂಚುವವರಿಗೆ ಸಂಬಳ ಕಡಿಮೆ ಇರಬಹುದು, ಕಲಿಸುವವರಿಗೆ, ಚಿಕಿತ್ಸೆ ಕೊಡುವವರಿಗೆ ಅದೇ ದೊಡ್ಡ ಖರ್ಚು. ಹಾಗಾಗಿ ಎಷ್ಟು ಪರ್ಸೆಂಟ್ ಅನ್ನುವುದಕ್ಕಿಂತ ಯಾಕೆ ಅಂತ ಕೇಳುತ್ತೇನೆ.

ಅಮೆರಿಕದಲ್ಲಿರುವ ನನ್ನ ಚಿಕ್ಕಪ್ಪನ ಮಗನಿಗೆ ಇನ್ನೊಂದು ತೊಡಕು. ಅವನದು ಈಗ ಅಲ್ಲಿನ ಪಾಸ್‌ಪೋರ್ಟ್, ಅಂದರೆ ಅವನು ಕಳಿಸುವ ದುಡ್ಡು ವಿದೇಶಿ ದೇಣಿಗೆ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆಯ ಕಾಯ್ದೆ, ಅದರಡಿ ನೋಂದಣಿ ಇಲ್ಲವೇ ಮುಂಚಿತ ಅನುಮತಿ ಇರುವ ಸಂಸ್ಥೆ ಮಾತ್ರ ಅದನ್ನು ತಗೊಳ್ಳಬಹುದು, ಅದೂ ಮೊದಲು ಬೀಳಬೇಕಾದ್ದು ಎಸ್‌ಬಿಐನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಖಾತೆಗೆ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿ ದುಡಿಯುವವರು ತಮ್ಮ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಈ ಕಟ್ಟಳೆ ಇಲ್ಲ. "ಅದೆಲ್ಲ ಬಿಡಿ ಸರ್, ನಮ್ಮ ಅಧ್ಯಕ್ಷರ ಖಾತೆಗೆ ಹಾಕಿ" ಅಂದವರಿಗೆ ಅವನು ದೊಡ್ಡ ನಮಸ್ಕಾರ ಹಾಕಿದ.

ಕಾಗದ ಎಷ್ಟು ನೋಡಿದರೂ ಜಾಗ ನೋಡಿದಷ್ಟು ಆಗಲ್ಲ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದಂಥ ಕಡೆ ಕೆಲಸ ಕಣ್ಣಿಗೇ ಕಾಣುತ್ತದೆ. ಸೋಲಿಗರಿಗೆ ಚಿಕಿತ್ಸೆ ಕೊಡುವುದರಿಂದ ಶುರುವಾಗಿ ಶಾಲೆವರೆಗೂ ಬೆಳೆದದ್ದು ಅದು. ಸಂಸ್ಥೆ ಯಾರಿಗಾಗಿ ಇದೆಯೋ ಅವರನ್ನೇ ಕೇಳಬಹುದಾದರೆ ಅದಕ್ಕಿಂತ ಒಳ್ಳೇ ವರದಿ ಇನ್ನೇನಿದೆ?

ಕಳೆದ ವರ್ಷ ಒಂದು ಸಣ್ಣ ಹಾಸ್ಟೆಲ್ಲಿಗೆ ಒಂದೂವರೆ ಸಾವಿರ ಕೊಟ್ಟಿದ್ದೆ. ಮೇ ತಿಂಗಳಲ್ಲಿ ಒಂದು ಫೋನ್ ಬಂತು. ಮತ್ತೆ ದುಡ್ಡು ಕೇಳೋಕಿರಬೇಕು ಅಂದುಕೊಂಡೇ ಎತ್ತಿದೆ. "ಸರ್, ನೀವು ಕೊಟ್ಟ ಪ್ಯಾನ್ ನಂಬರಲ್ಲಿ ಒಂದಕ್ಷರ ಕಮ್ಮಿ ಇದೆ, ಫಾರಂ ಹೋಗ್ತಾ ಇಲ್ಲ, ಸ್ವಲ್ಪ ನೋಡಿ ಹೇಳ್ತೀರಾ?" ಅಂದರು ಅಲ್ಲಿನ ಗುಮಾಸ್ತರು. ಇಟ್ಟುಬಿಡುವ ಮುಂಚೆ, ಆ ಕಡೆ ಬಂದರೆ ಮಕ್ಕಳ ಜೊತೆ ಊಟಕ್ಕೆ ಬನ್ನಿ ಅಂತಲೂ ಕರೆದರು. ಹೋಗಬೇಕು. ಭಾವನನ್ನೂ ಎಳೆದುಕೊಂಡು ಹೋಗುತ್ತೇನೆ.